ಹರಕೆ ತೀರಿದ ಮೇಲಿನ ಪಥ್ಯ

ಮೈ ಇಳಿಸಿಕೊಂಡವರ ಕಥೆಗಳನ್ನು ನೀವು ವಾರಪತ್ರಿಕೆಗಳಲ್ಲಿ ಓದಿರುತ್ತೀರಿ. ಮೊದಲಿನ ಫೋಟೊ ಈ ಕಡೆ, ಆಮೇಲಿನ ಫೋಟೊ ಆ ಕಡೆ. ಆ ಎರಡನೆಯ ಫೋಟೊ ತೆಗೆಸಿ ಮನೆಗೆ ಬಂದ ಮೇಲೆ ಏನಾಯಿತು ಅಂತ ಯಾವ ಪುಣ್ಯಾತ್ಮರೂ ಬರೆಯುವುದಿಲ್ಲ. ನನ್ನ ಕಥೆ ಶುರುವಾಗುವುದೇ ಅಲ್ಲಿಂದ. ಗೆದ್ದ ಸುದ್ದಿ ಬೇಕಾದವರು ಈಗಲೇ ಪುಟ ತಿರುವಿ, ನನಗೇನೂ ಬೇಜಾರಿಲ್ಲ. ಕಷ್ಟಪಟ್ಟು ಇಳಿಸಿ, ಮತ್ತೆ ಏರಿ, ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ಬೈದುಕೊಳ್ಳುವ ಹುಡುಗ ಹುಡುಗಿಯರು ಎಲ್ಲಾದರೂ ಇದ್ದರೆ ಅವರ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳೋಣ ಅಂತ ಬರೆಯುತ್ತಿದ್ದೇನೆ.

ನಮ್ಮದು ಅಫಜಲಪುರ. ಅಪ್ಪನದು ಅಡತಿ ಅಂಗಡಿ, ರೈತರು ತಂದ ತೊಗರಿ, ಜೋಳ, ಶೇಂಗಾ ತೂಗಿ ಮಾರಿಸಿಕೊಡುವ ದಂಧೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಅಪ್ಪನ ತಮ್ಮ ಕಾಕಾ, ನನ್ನ ಅಣ್ಣ ಮತ್ತು ನಾನು. ಚಿಕ್ಕವಳಿದ್ದಾಗ ನನ್ನ ಮೈ ನಮ್ಮ ಮನೆಗೆ ಒಂದು ಭೂಷಣವಾಗಿತ್ತು. ಬಂದವರ ಮುಂದೆ ಆಯಿ ನನ್ನ ರಟ್ಟೆ ಹಿಡಿದು, "ನೋಡ್ರಿ, ನಮ್ಮ ಮನಿ ತುಪ್ಪ ಎಲ್ಲಿ ಹೋಗ್ತದಂತ" ಅಂತ ತೋರಿಸುತ್ತಿದ್ದಳು. ಹೈಸ್ಕೂಲಿಗೆ ಹೋದ ಮೇಲೆ ಅದೇ ರಟ್ಟೆ ಎಲ್ಲರಿಗೂ ಚಿಂತೆಯಾಯಿತು. ಮೂವರು ಕೂರುವ ಬೆಂಚಿನಲ್ಲಿ ನನ್ನ ಜೊತೆ ಒಬ್ಬಳೇ ಕೂರುತ್ತಿದ್ದಳು. ಕಾಕಾ ಅಂಗಡಿಯ ಹಮಾಲರ ಮುಂದೆಯೇ, "ಗಿರಿಜಾನ್ನ ಎತ್ತಿದ್ರ ಇಬ್ಬರು ಬೇಕ್ರಪ್ಪ" ಅಂತ ನಗುತ್ತಿದ್ದ. ನಾನೂ ನಗುತ್ತಿದ್ದೆ. ದಪ್ಪಗಿರುವ ಮಕ್ಕಳು ಮೊದಲು ಕಲಿಯುವ ವಿದ್ಯೆ ಅದು, ಬೇರೆಯವರಿಗಿಂತ ಮೊದಲು ತಾವೇ ನಕ್ಕುಬಿಡುವುದು.

ಹದಿನಾಲ್ಕು ದಾಟುವಾಗ ನನ್ನ ಕುತ್ತಿಗೆಯ ಹಿಂದೆ ಚರ್ಮ ಕರ್ರಗಾಗತೊಡಗಿತು. ಅವ್ವ ಅದನ್ನು ಹೊಲಸು ಅಂದುಕೊಂಡಳು. ಪ್ರತಿ ರವಿವಾರ ಬಚ್ಚಲಲ್ಲಿ ಕೂರಿಸಿ ಮೊದಲು ಕಡಲೆಹಿಟ್ಟು, ಆಮೇಲೆ ಹುಣಸೆಹಣ್ಣು, ಕಡೆಗೆ ಕಾಲು ತಿಕ್ಕುವ ಕಲ್ಲು ತೆಗೆದುಕೊಂಡು ತಿಕ್ಕಿದಳು. "ಯಾವ ಮಣ್ಣಾಗ ಹೊಳ್ಳಾಡಿ ಬರ್ತೀ ಬೇ ನೀ?" ಅಂತ ಕೇಳುತ್ತಿದ್ದಳು. ರಕ್ತ ಜಿನುಗುತ್ತಿತ್ತು, ಕಪ್ಪು ಹೋಗುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿ ನಾನು ಕುಸಿದು ಕೂತ ಮೇಲೆಯೇ ಅಪ್ಪ ನನ್ನನ್ನು ಗುಲಬರ್ಗಾಕ್ಕೆ ಕರೆದೊಯ್ದ.

ಆ ದವಾಖಾನೆಯ ಪಡಸಾಲೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡೂ ಗೋಡೆಗೆ ಬೆಂಚು, ನಡುವೆ ಎಲ್ಲರ ಕಣ್ಣಿಗೆ ಬೀಳುವಂತೆ ತೂಕದ ಯಂತ್ರ. ಕಂಪೌಂಡರ್ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಕ ಕೂಗಿ ಹೇಳುತ್ತಿದ್ದ, ಒಳಗಿನವನು ಬರೆದುಕೊಳ್ಳುತ್ತಿದ್ದ. ನನ್ನ ಸರದಿ ಬಂದಾಗ ಅವನು ಮುಳ್ಳು ನೋಡಿ, ನನ್ನ ಮುಖ ನೋಡಿ, ಕೂಗದೆ ಎದ್ದು ಒಳಗೆ ಹೋಗಿ ಮೆಲ್ಲಗೆ ಹೇಳಿ ಬಂದ. ಅವನ ಹೆಸರು ನನಗೆ ಗೊತ್ತಿಲ್ಲ, ಆದರೆ ಅವನ ಮಕ್ಕಳು ಮರಿ ತಣ್ಣಗಿರಲಿ.

ಡಾಕ್ಟರು ವಯಸ್ಸಾದವರು. ನನ್ನ ಜಡೆ ಸರಿಸಿ ಕುತ್ತಿಗೆ ನೋಡಿ, ಇದು ಹೊಲಸಲ್ಲ ಅಂದರು, ರಕ್ತ, ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಎಲ್ಲ ನೋಡಿ ಮುಗಿಸಿ ಅಪ್ಪನನ್ನು ಕೇಳಿದರು:

"ಮನ್ಯಾಗ ಯಾರಿಗರೆ ಸಕ್ರಿ ಬ್ಯಾನಿ ಅದ ಏನ್ರಿ?"

ಅಪ್ಪ, "ನಮ್ಮಕ್ಕಗ ಇತ್ರಿ" ಅಂದ.

ಅಪ್ಪನ ಅಕ್ಕ ಶಾಂತತ್ತಿ ಸಕ್ಕರೆ ಕಾಯಿಲೆಯಲ್ಲಿ ಮೊದಲು ಕಣ್ಣು ಕಳೆದುಕೊಂಡಳು, ಆಮೇಲೆ ಮೊಣಕಾಲಿನ ತನಕ ಒಂದು ಕಾಲು. ಕೊನೆಯ ವರ್ಷ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ನೀರು ಕೊಡುವ ಕೆಲಸ ನನ್ನದು. ಲೋಟವನ್ನು ಗಾಳಿಯಲ್ಲಿ ತಡಕಾಡುತ್ತಿದ್ದ ಅವಳ ಕೈ ನನಗೆ ಗೊತ್ತು. ಡಾಕ್ಟರು ಮುಂದೆ ಹೇಳಿದ್ದನ್ನು ಕೇಳುವಾಗ ಆ ಕೈಯೇ ನನ್ನ ಕಣ್ಣ ಮುಂದೆ ಇತ್ತು.

"ಈ ಹುಡುಗಿಗಿ ಇನ್ನೂ ಬಂದಿಲ್ಲ. ಬಾಗಲ ಹೊರಗ ಬಂದು ನಿಂತದ. ಮೈ ಇಳಿಸಿ, ಹಂಗೇ ಇಟಗೊಂಡ್ರ ಅಲ್ಲೇ ನಿಂದ್ರತದ. ಇಲ್ಲಂದ್ರ ಒಳಗ ಬರ್ತದ, ಅದೂ ಸಣ್ಣ ವಯಸ್ಸಿನಾಗ."

ಇಳಿಸಬೇಕು ಅನ್ನುವುದು ಅಪ್ಪನಿಗೆ ಕೇಳಿಸಿತು. ಹಾಗೇ ಇಟ್ಟುಕೊಳ್ಳಬೇಕು ಅನ್ನುವುದು ನಮ್ಮಿಬ್ಬರಿಗೂ ಕಿವಿಯ ಹೊರಗೇ ಉಳಿಯಿತು. ಹೆದರಿದವರಿಗೆ ಒಂದು ಸಲಕ್ಕೆ ಒಂದೇ ಮಾತು ಕೇಳಿಸುತ್ತದೆ.

ಸುದ್ದಿ ಕೇಳಿದ ಅವ್ವ ಮುಂದಿನ ಸೋಮವಾರ ನಮ್ಮ ಮನೆತನದ ಮಠಕ್ಕೆ ಹೋಗಿ ಗದ್ದುಗೆಯ ಮುಂದೆ ಸೆರಗೊಡ್ಡಿ ಬೇಡಿಕೊಂಡಳು. ನನ್ನ ಮಗಳ ಮೈ ಇಳಿಯಲಿ, ಅವಳ ತೂಕದಷ್ಟು ಬೆಲ್ಲ ತೂಗಿಸುತ್ತೇನೆ ಅಂತ. ಮನೆಗೆ ಬಂದು ಹೇಳಿದಾಗ ಕಾಕಾ, "ವೈನಿ, ಇಳಿದ ಮ್ಯಾಲ ತೂಗಸ್ರಿ, ಬೆಲ್ಲ ಕಡಿಮಿ ಹತ್ತತದ" ಅಂದ. ಅವ್ವ ಅವನಿಗೆ ಆ ದಿನ ಚಹಾ ಕೊಡಲಿಲ್ಲ.

ಸೊಲ್ಲಾಪುರದ ಆಚೆ ಒಂದು ನಿಸರ್ಗೋಪಚಾರ ಕೇಂದ್ರವಿತ್ತು. ಬೇಸಿಗೆ ರಜೆ ಹಿಡಿದು ಮೂರು ತಿಂಗಳು ಅಲ್ಲಿದ್ದೆ. ಬೆಳಿಗ್ಗೆ ನಡಿಗೆ, ಆಸನ, ಎರಡು ಹೊತ್ತು ಅಳೆದ ಊಟ, ಮಧ್ಯೆ ಮಜ್ಜಿಗೆ. ಮೊದಲ ಹದಿನೈದು ದಿನ ದಿಂಬಿಗೆ ಮುಖ ಒತ್ತಿ ಅತ್ತೆ. ಪಕ್ಕದ ಮಂಚದವಳು ಜೇವರ್ಗಿಯ ಶಹನಾಜ್, ಬಸ್ ಡ್ರೈವರನ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಅವಳೂ ಅಳುತ್ತಿದ್ದಳು, ಆದರೆ ಅಳುತ್ತಲೇ ತನ್ನ ಅಮ್ಮೀ ಮಾಡುವ ಖೀಮಾದ ವರ್ಣನೆ ಮಾಡುತ್ತಿದ್ದಳು. "ಚುಪ್ ಕೂಡಬೇ, ನಾ ಲಿಂಗಾಯತರಾಕಿ" ಅಂತ ಗದರಿದರೆ, "ನಿನಗ ತಿನ್ನಂತ ಯಾರಂದ್ರು? ಕೇಳು ಅಷ್ಟೇ" ಅನ್ನುತ್ತಿದ್ದಳು. ತಿಂಗಳು ಕಳೆದ ಮೇಲೆ ಮೈ ಹಗುರವಾಯಿತು. ನನ್ನ ಕಾಲು ನನ್ನನ್ನು ಎತ್ತಿಕೊಂಡು ಹೋಗುವುದು ನನಗೇ ಹೊಸದು. ಕೊನೆಯ ವಾರ ನಾವಿಬ್ಬರೂ ಕೇಂದ್ರದ ಹಿಂದಿನ ಗುಡ್ಡವನ್ನು ನಿಲ್ಲದೆ ಹತ್ತಿ, ಮೇಲೆ ನಿಂತು ಹುಚ್ಚರ ಹಾಗೆ ನಕ್ಕೆವು. ನನ್ನ ಇಡೀ ಹರೆಯದಲ್ಲಿ ಸುಖದ ಕಾಲ ಯಾವುದು ಅಂತ ಕೇಳಿದರೆ ಆ ಒಂದು ವಾರ ಅನ್ನುತ್ತೇನೆ.

ಕರೆದೊಯ್ಯಲು ಬಂದ ಅವ್ವನನ್ನು ಅಲ್ಲಿಯ ಮೇಲ್ವಿಚಾರಕಿ, ಒಬ್ಬ ಮರಾಠಿ ಹೆಂಗಸು, ಕೂರಿಸಿ ಹೇಳಿದಳು. ಒಂದು ಹೊತ್ತಿಗೆ ಒಂದೇ ರೊಟ್ಟಿ, ಪಲ್ಯ ಜಾಸ್ತಿ, ಸಿಹಿ ಬೇಡ, ಎಣ್ಣೆ ಹಿಡಿದು ಹಾಕಬೇಕು, ದಿನಾ ಒಂದು ತಾಸು ನಡೆಯಬೇಕು.

"ಎಷ್ಟು ದಿನದ ಪಥ್ಯರೀ ಇದು?" ಅವ್ವ ಕೇಳಿದಳು.

"ಕಾಯಂ," ಅಂದಳು ಆ ಹೆಂಗಸು.

ಅವ್ವ ನಕ್ಕಳು. ಬಸ್ಸಿನಲ್ಲಿ ನನಗೆ, "ದವಾಖಾನಿ ಮಂದಿ ಹಂಗೇ ಅಂತಾರ, ಹೆದರ್ಲಿ ಅಂತ" ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಮ್ಮವ್ವ ನಿಮಗೆ ದಡ್ಡಿಯ ಹಾಗೆ ಕಾಣುತ್ತಾಳೆ. ನಮ್ಮ ಕಡೆ ಪಥ್ಯ ಅಂದರೆ ಜೀವ ಹೋದರೂ ಮುರಿಯದಂಥದ್ದು. ಕಾಕಾನಿಗೆ ಕಾಮಣಿ, ಅಂದರೆ ಕಾಮಾಲೆ, ಆದಾಗ ಉಪ್ಪು, ಎಣ್ಣೆ, ಅರಿಶಿನ ಏನನ್ನೂ ಸೋಂಕಿಸದೆ ಅವ್ವ ವಾರಗಟ್ಟಲೆ ಬೇರೆ ಒಲೆ ಹೂಡಿ ಅಡಿಗೆ ಮಾಡಿದ್ದಳು. ಆದರೆ ಪಥ್ಯಕ್ಕೆ ಒಂದು ಕೊನೆ ಇರುತ್ತದೆ. ಕಾಯಿಲೆ ಹೋದ ದಿನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ, ಮಣೆಯ ಮೇಲೆ ಕೂರಿಸಿ, ಆರತಿ ಮಾಡಿ, ಯಾವುದನ್ನು ಬಿಡಿಸಿದ್ದರೋ ಅದನ್ನೇ ಮೊದಲ ತುತ್ತಾಗಿ ಬಾಯಿಗಿಡುತ್ತಾರೆ. ಅದಕ್ಕೆ ಪಥ್ಯ ಬಿಡಿಸುವುದು ಅನ್ನುತ್ತಾರೆ. ಬಿಡಿಸದೆ ಬಿಟ್ಟರೆ ಕಾಯಿಲೆ ಇನ್ನೂ ಮನೆಯಲ್ಲಿದೆ ಅಂತ ಅರ್ಥ. ಕೊನೆಯಿಲ್ಲದ ಪಥ್ಯ ಅನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಶ್ರಾವಣದ ಸೋಮವಾರ ಮಠದಲ್ಲಿ ಹರಕೆ ತೀರಿಸಿದರು. ತೊಲೆಗೆ ದೊಡ್ಡ ತಕ್ಕಡಿ ಕಟ್ಟಿದ್ದರು. ಒಂದು ಪರಡಿಯಲ್ಲಿ ಹೊಸ ಸೀರೆ ಉಟ್ಟ ನಾನು, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳು. ಅರ್ಧ ಊರು ನೆರೆದಿತ್ತು. ಜನರ ಎದುರು ತೂಕಕ್ಕೆ ಕೂರುವುದು ನನಗೆ ಸಾವಿನಷ್ಟು ಭಯದ ಕೆಲಸವಾಗಿತ್ತು, ಆದರೆ ಅವತ್ತು ಹೆಮ್ಮೆ ಅನಿಸಿತು. ಹಾಕಿದ ಪೆಂಟಿಗಳಲ್ಲಿ ಕೆಲವನ್ನು ಅಪ್ಪ ಹೊರಗೆ ತೆಗೆಯಬೇಕಾದಾಗ ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಿವಿದು ನಕ್ಕರು. ಮಠದ ಅಜ್ಜಾರು ತಲೆಯ ಮೇಲೆ ಕೈಯಿಟ್ಟು, "ಸುಖವಾಗಿರು ತಂಗಿ" ಅಂದರು. ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಆಮೇಲೆ ನೋಡಿಲ್ಲ.

ಮನೆಗೆ ಬಂದರೆ ಆಯಿ ಮಣೆ ಹಾಕಿ ಕಾಯುತ್ತಿದ್ದಳು. ಆರತಿ ಆಯಿತು. ತಾಟಿನ ತುಂಬ ಮಾಲ್ದಿ, ಚಪಾತಿಯನ್ನು ಪುಡಿಮಾಡಿ ಬೆಲ್ಲ ಕಲಸಿ ಮಾಡುವ ಸಿಹಿ, ಅದರ ಮೇಲೆ ಗುಂಡಿ ತೋಡಿ ತುಪ್ಪ.

"ಆಯಿ, ನನಗ ಇದು ಬ್ಯಾಡ," ಅಂದೆ. "ಅಲ್ಲಿ ಬ್ಯಾಡ ಅಂದಾರ."

"ಅಲ್ಲೇನಂದ್ರೂ ಅದು ಅಲ್ಲಿಗಿ. ಹರಕಿ ಮುಟ್ಟಿತು. ಶಿವಾ ಕೊಟ್ಟಾನ. ಇನ್ನೂ ಪಥ್ಯ ಮಾಡ್ತೇನಿ ಅಂದ್ರ ಅಂವಾ ಕೊಟ್ಟಿದ್ದರ ಮ್ಯಾಲ ನಂಬಿಗಿ ಇಲ್ಲಂದಂಗ ಆಯ್ತಲ್ಲ?"

ಅಪ್ಪ ನೆಲ ನೋಡುತ್ತಿದ್ದ. ಅವ್ವ ನನ್ನನ್ನೇ ನೋಡುತ್ತಿದ್ದಳು. ಹದಿನೈದು ವರ್ಷದ ಹುಡುಗಿ ದೇವರಿಗೆ ಏನಂತ ಹೇಳಬೇಕು? ನಾನು ಆಯಿಯ ಕೈಯಿಂದ ತುತ್ತು ತೆಗೆದುಕೊಂಡೆ. ರುಚಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಾಗಿತ್ತು.

ಆಮೇಲೆ ಊಟಗಳ ಸಾಲು. ಜಡ್ಡಿನಿಂದ ಎದ್ದವರನ್ನು ಬೀಗರು ಬಿಜ್ಜರು ಊಟಕ್ಕೆ ಕರೆಯುವುದು ವಾಡಿಕೆ. ಆಳಂದದ ಸೋದರಮಾವನ ಮನೆಯಲ್ಲಿ ಹೋಳಿಗೆ, ಸೊನ್ನದ ದೊಡ್ಡಪ್ಪನ ಮನೆಯಲ್ಲಿ ಹುಗ್ಗಿ. ಎಲ್ಲರದೂ ಒಂದೇ ಮಾತು: "ಎಷ್ಟು ಸೊರಗೀದಿ ಬೇ, ಮುಖದಾಗ ಕಳಾನೇ ಇಲ್ಲ." ಒಂದು ವರ್ಷದ ಹಿಂದೆ ನನ್ನನ್ನು ನೋಡಿ ನಕ್ಕವರು ಇವರೇ. ದಪ್ಪಗಿದ್ದಾಗ ಬಾಯಿಗೆ ಬಂದಂತೆ ಆಡಿದವರು ಸಣ್ಣಗಾದಾಗ ಬಾಯಿಗೆ ತುರುಕಿದರು. ಬೇಡ ಅಂದರೆ ಅವ್ವನ ಕಡೆ ತಿರುಗಿ, "ಅಕ್ಕಾ, ನಮ್ಮ ಮನಿ ಊಟ ನಿಮ್ಮ ಮಗಳಿಗಿ ನಡಿಯಂಗಿಲ್ಲೇನ್ರಿ?" ಅನ್ನುತ್ತಿದ್ದರು. ಅವ್ವ ನನ್ನ ಮೊಣಕೈ ಜಿಗುಟುತ್ತಿದ್ದಳು. ಉಣ್ಣುತ್ತಿದ್ದೆ.

ನಡಿಗೆಯನ್ನಾದರೂ ಉಳಿಸಿಕೊಳ್ಳೋಣ ಅಂತ ಹಟ ಹಿಡಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡ್ ದಾಟಿ ಹೊಲದ ದಾರಿಯಲ್ಲಿ ಹೋಗಿ ಬರುತ್ತಿದ್ದೆ. ಹತ್ತು ದಿನ ಆಗಿರಲಿಲ್ಲ, ಕಾಕಾ ಜಗಲಿಯಲ್ಲಿ ತಡೆದ.

"ಮಂದಿ ಕೇಳಾಕತ್ತಾರ ಗಿರಿಜಾ. ದಿನಾ ಮುಂಜಾನೆದ್ದು ನಿಮ್ಮ ಹುಡುಗಿ ಎಲ್ಲಿಗಿ ಹೋಗ್ತಾಳ ಅಂತ."

"ಎಲ್ಲಿಗೂ ಹೋಗಂಗಿಲ್ಲ ಕಾಕಾ. ಸುಮ್ಮ ಹೋಗಿ ಸುಮ್ಮ ಬರ್ತೇನಿ."

"ಅದಕ್ಕೇ ಕೇಳಾಕತ್ತಾರ."

ಅವನ ಮಾತೂ ಸುಳ್ಳಲ್ಲ. ನಮ್ಮೂರಲ್ಲಿ ಹೆಂಗಸರು ಮೈಲುಗಟ್ಟಲೆ ನಡೆಯುತ್ತಾರೆ, ಆದರೆ ತಲೆಯ ಮೇಲೆ ಏನಾದರೂ ಇರಬೇಕು. ಕೊಡವೋ, ಹುಲ್ಲಿನ ಹೊರೆಯೋ, ಬುತ್ತಿಯೋ. ಖಾಲಿ ತಲೆಯ ಹುಡುಗಿ ಖಾಲಿ ದಾರಿಯಲ್ಲಿ ಹೋದರೆ ಅದಕ್ಕೆ ಬೇರೆ ಅರ್ಥ ಹಚ್ಚುತ್ತಾರೆ. ಸರಿ, ನಾನೂ ತಲೆ ಓಡಿಸಿದೆ. ನಮ್ಮ ಹೊಲದಲ್ಲಿ ಕೆಲಸ ಮಾಡುವವರಿಗೆ ಬುತ್ತಿ ಒಯ್ಯುವ ಕೆಲಸವನ್ನು ಬೇಡಿ ತೆಗೆದುಕೊಂಡೆ. ರೊಟ್ಟಿಯ ಗಂಟು, ಮಜ್ಜಿಗೆಯ ತಂಬಿಗೆ ಹೊತ್ತು ಶಾಲೆಗೆ ಮುಂಚೆ ಹೋಗಿ ಬರುತ್ತಿದ್ದೆ. ಆ ವರ್ಷ ಸಂಕ್ರಾಂತಿಯವರೆಗೆ ಹೇಗೋ ತೂಕ ಒಂದು ಹಂತದಲ್ಲಿ ನಿಂತಿತ್ತು. ಆಮೇಲೆ ಕಾಕಾ ಒಂದು ಲೂನಾ ಗಾಡಿ ತಂದ. ನನ್ನ ಮೇಲಿನ ಅಂತಃಕರಣದಿಂದಲೇ, "ಇನ್ನ ನೀ ಯಾಕ ಬಿಸಲಾಗ ಸಾಯ್ತೀ, ನಾ ಒಯ್ತೇನಿ" ಅಂದ. ಮನೆಯವರೆಲ್ಲ ಲೂನಾಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುವಾಗ ನಾನು ಒಳಗೆ ಹೋಗಿ ಅತ್ತೆ. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ.

ಒಂದೂವರೆ ವರ್ಷದಲ್ಲಿ ಹೋದದ್ದೆಲ್ಲ ತಿರುಗಿ ಬಂತು, ಬಡ್ಡಿ ಸಮೇತ. ಅದಕ್ಕಿಂತ ನನ್ನನ್ನು ಕೊಂದದ್ದು ಮನೆಯ ಮೌನ. ಮೊದಲಾದರೆ ಬೈಯುತ್ತಿದ್ದರು, ನಗುತ್ತಿದ್ದರು. ಈಗ ಯಾರೂ ಏನೂ ಅನ್ನುತ್ತಿರಲಿಲ್ಲ. ಗಿರಿಜಾ ಮತ್ತೆ ದಪ್ಪಗಾಗಿದ್ದಾಳೆ ಅಂದರೆ ದೇವರು ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡ ಅಂದ ಹಾಗೆ. ನಾನು ಶಾಲೆಗೆ ಹೋದಾಗ ಅವ್ವ ನನ್ನ ಕುಪ್ಪಸಗಳ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆ ಬಿಟ್ಟು, ಮತ್ತೆ ಹೊಲಿದು ಮಡಚಿ ಇಡುತ್ತಿದ್ದಳು. ಹಾಕಿಕೊಂಡಾಗ ಸರಿಯಾಗಿ ಕೂರುತ್ತಿತ್ತು. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲ ಧೈರ್ಯ ಮಾಡಿ ಅಡಿಗೆಮನೆಯಲ್ಲಿ ಕೇಳಿಯೇಬಿಟ್ಟೆ.

"ಅವ್ವಾ, ಮತ್ತ ಗುಲಬರ್ಗಾಕ್ಕ ಹೋಗೋಣು. ಡಾಕ್ಟರಿಗಿ ತೋರ್ಸೋಣು."

ಅವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಏನಂತ ತೋರ್ಸಬೇಕು? ಬೆಲ್ಲ ತೂಗಿಸಿದ್ದು ಊರಿಗೆಲ್ಲ ಗೊತ್ತದ. ಹರಕ್ಯಾಗ ಏನೋ ಊನ ಆಗ್ಯಾದ. ನಂದೇ ತಪ್ಪು. ನಾನೇ ಸೋಮಾರ ಹಿಡೀತೇನಿ."

ಅಂದಿನಿಂದ ಅವ್ವ ಸೋಮವಾರ ನೀರು ಸಹ ಕುಡಿಯದೆ ಉಪವಾಸ ಮಾಡತೊಡಗಿದಳು, ನನ್ನ ಮೈ ಇಳಿಯಲಿ ಅಂತ. ಉಪವಾಸವಿದ್ದುಕೊಂಡೇ ಒಲೆಯ ಮುಂದೆ ಕೂತು ನನಗೆ ಬಿಸಿ ರೊಟ್ಟಿ ಬಡಿದು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಮೇಲೆ ಎಣ್ಣೆ ಸುರಿದು ಕೊಡುತ್ತಿದ್ದಳು. "ಉಣ್ಣು, ಶಾಲಿಗಿ ತಡ ಆಗ್ತದ." ನನಗೆ ಸಿಟ್ಟು ಬರುತ್ತಿತ್ತು. ಅವಳ ಒಣಗಿದ ತುಟಿ ನೋಡಿದರೆ ಸಿಟ್ಟು ಹೊರಗೆ ಬರುತ್ತಿರಲಿಲ್ಲ. ಅದನ್ನೂ ರೊಟ್ಟಿಯ ಜೊತೆ ನುಂಗುತ್ತಿದ್ದೆ.

ಪಿಯುಸಿ ಓದುವಾಗ ಗುಲಬರ್ಗಾ ಬಸ್ ಸ್ಟ್ಯಾಂಡಿನಲ್ಲಿ ಜೇವರ್ಗಿಯ ಬಸ್ ನಿಲ್ಲುವ ಕಡೆ ಬುರ್ಖಾ ಹಾಕಿದ ಒಬ್ಬಳು ದಪ್ಪ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಕಂಕುಳಲ್ಲಿ ಕೂಸು. ಹತ್ತಿರ ಬಂದು ಮುಖದ ಬಟ್ಟೆ ಎತ್ತಿದಳು. ಶಹನಾಜ್.

ನಾವಿಬ್ಬರೂ ಒಬ್ಬರನ್ನೊಬ್ಬರು ಮೇಲಿನಿಂದ ಕೆಳಗೆ ನೋಡಿದೆವು. ಆಮೇಲೆ ಅವಳು, "ನೀನೂ?" ಅಂದಳು.

"ನಾನೂ," ಅಂದೆ.

ಅವಳು ಭಜಿ ಕೊಂಡಳು. ಕಲ್ಲುಬೆಂಚಿನ ಮೇಲೆ ಕೂತು ತಿನ್ನುತ್ತ ತನ್ನ ಕಥೆ ಹೇಳಿದಳು. "ಸಣ್ಣಗಾಗಿ ಬಂದೆ ನೋಡು, ಅಬ್ಬಾಗ ಖುಷಿಯೇ ಖುಷಿ. ಇದೇ ಟೈಮ ಅದ, ಮತ್ತ ದಪ್ಪ ಆಗೂದ್ರಾಗ ಮಾಡಿಬಿಡೋಣು ಅಂತ ಎರಡು ತಿಂಗಳದಾಗ ನಿಕಾ ಮಾಡಿಬಿಟ್ರು. ನಿಕಾ ಆತು, ಇನ್ನ ಯಾರ ಸಲುವಾಗಿ ಸಣ್ಣ ಇರಬೇಕು? ಸಾಸು, ನಮ್ಮತ್ತಿ, ಅಂತಾಳ, ಹೊಟ್ಯಾಗ ಕೂಸದ, ಇಬ್ಬರದು ತಿನ್ನು. ಕೂಸು ಹುಟ್ಟಿತು, ಈಗ ಅಂತಾಳ, ಹಾಲು ಕುಡಸ್ತಿ, ಇಬ್ಬರದು ತಿನ್ನು." ಭಜಿಯ ಕಾಗದ ಮುದುಡಿ ಕೇಳಿದಳು, "ಆ ಗುಡ್ಡ ನೆನಪದ ಏನು?"

ನೆನಪಿದೆ ಅಂದೆ. ಅವಳ ಬಸ್ ಬಂತು. ಹತ್ತುವಾಗ ಕೂಸನ್ನು ನನ್ನ ಕೈಗೆ ಕೊಟ್ಟು, ಕಂಬಿ ಹಿಡಿದು, ಎರಡು ಸಲ ಪ್ರಯತ್ನಪಟ್ಟು ಮೇಲೇರಿದಳು. ಅವಳನ್ನು ನಾನು ಮತ್ತೆ ನೋಡಲಿಲ್ಲ. ಆದರೆ ಆ ಸಂಜೆ ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಗಿತ್ತು. ತಪ್ಪು ನನ್ನೊಬ್ಬಳದೇ ಅಲ್ಲ ಅಂತ ಗೊತ್ತಾಗಿತ್ತು. ಅದರಿಂದ ಮೈಯೇನೂ ಇಳಿಯಲಿಲ್ಲ, ಅದು ಬೇರೆ ಮಾತು.

ಟಿಸಿಎಚ್ ತರಬೇತಿ ಮುಗಿಸಿ ನರೋಣಾದ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿ ಸೇರಿದೆ. ಬಾಡಿಗೆ ಕೋಣೆ, ನನ್ನದೇ ಒಲೆ. ಇನ್ನು ನನ್ನನ್ನು ತಡೆಯುವವರು ಯಾರು ಅಂದುಕೊಂಡೆ. ತಡೆಯುವವರು ಬೇಕಾಗಿರಲಿಲ್ಲ. ಅಷ್ಟು ವರ್ಷಗಳಲ್ಲಿ ಬೇಜಾರಾದರೆ ತಿನ್ನುವುದು, ಸಂತೋಷವಾದರೆ ತಿನ್ನುವುದು, ಸುಮ್ಮನಿದ್ದರೂ ತಿನ್ನುವುದು ಕೈಗೆ ರೂಢಿಯಾಗಿಬಿಟ್ಟಿತ್ತು. ಎರಡು ತಿಂಗಳು ಇಳಿಸುತ್ತಿದ್ದೆ, ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೆ, ಬರುವಾಗ ಅವ್ವ ಕಟ್ಟಿಕೊಟ್ಟ ಡಬ್ಬಿಗಳು ಜೊತೆಗಿರುತ್ತಿದ್ದವು. ಮತ್ತೆ ಮೊದಲಿನ ಹಾಡೇ. ಹೀಗೆ ಎಷ್ಟು ಸಲ ಇಳಿಸಿ ಏರಿಸಿದೆನೋ ಲೆಕ್ಕ ಬಿಟ್ಟಿದ್ದೇನೆ. ಮನಸ್ಸು ಗಟ್ಟಿ ಮಾಡಿಕೋ ಅಂತ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಅವರ ಮನಸ್ಸನ್ನು ಒಂದು ವರ್ಷ ನಮ್ಮ ಮನೆಯ ಪಂಕ್ತಿಯಲ್ಲಿ ಕೂರಿಸಬೇಕು.

ಇಪ್ಪತ್ತಾರನೆಯ ವಯಸ್ಸಿಗೆ ನೀರಡಿಕೆ ಶುರುವಾಯಿತು. ಶಾಲೆಯ ಮಣ್ಣಿನ ಗಡಿಗೆಯನ್ನು ನಾನೊಬ್ಬಳೇ ಖಾಲಿ ಮಾಡುತ್ತಿದ್ದೆ. "ಅಕ್ಕೋರ ಹೊಟ್ಯಾಗ ಬಾವಿ ಅದ" ಅಂತ ಮಕ್ಕಳು ಪಿಸುಗುಟ್ಟುತ್ತಿದ್ದವು. ನನಗೆ ಗೊತ್ತಾಗಿತ್ತು. ಶಾಂತತ್ತಿಗೆ ನೀರು ಕೊಟ್ಟವಳು ನಾನು, ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು. ಆದರೂ ನಾಲ್ಕು ತಿಂಗಳು ಹೋಗಲಿಲ್ಲ. ಬೋರ್ಡಿನ ಮೇಲೆ ನಾನೇ ಬರೆದ ಅಕ್ಷರ ಮಸುಕಾದ ಮೇಲೆ ಅವ್ವನನ್ನು ಕರೆದುಕೊಂಡು ಗುಲಬರ್ಗಾಕ್ಕೆ ಹೋದೆ. ಬೇರೆ ದವಾಖಾನೆ, ಬೇರೆ ಡಾಕ್ಟರು, ತರುಣ. ಎರಡು ತಾಸು ಕಾಯಿಸಿ, ಚೀಟಿ ನೋಡಿ, "ಶುಗರ್ ಅದ. ಭಾಳ ಅದ" ಅಂದ. ಗುಳಿಗೆ ಬರೆದುಕೊಟ್ಟು ಮುಂದಿನವರನ್ನು ಕರೆದ. ಹನ್ನೆರಡು ವರ್ಷ ಬಾಗಿಲ ಹೊರಗೆ ನಿಂತಿದ್ದು ಎರಡು ಮಾತಿನಲ್ಲಿ ಒಳಗೆ ಬಂದು ಕೂತಿತು.

ಹೊರಗೆ ಬೆಂಚಿನ ಮೇಲೆ ಅವ್ವ ಹಣೆ ಚಚ್ಚಿಕೊಂಡು ಅತ್ತಳು. ನಾನು ಅಳಲಿಲ್ಲ. ನಾನು ಅಳುವುದನ್ನೆಲ್ಲ ಮೊದಲೇ ಮುಗಿಸಿದ್ದೆ. ಬಸ್ಸಿನಲ್ಲಿ ಅವಳು ನನ್ನ ಕೈ ಬಿಡಲಿಲ್ಲ. ಚೌಡಾಪುರ ದಾಟುವಾಗ ಕಣ್ಣು ಒರೆಸಿಕೊಂಡು, "ಹೆದರಬ್ಯಾಡ. ನಾ ಪಥ್ಯ ಮಾಡಸ್ತೇನಿ" ಅಂದಳು.

ಮಾಡಿಸಿದಳು. ಅದೇ ನನಗೆ ತಡೆದುಕೊಳ್ಳಲಾಗದ್ದು. ನಾನು ಹೋದಾಗಲೆಲ್ಲ ಬೇರೆ ಪಾತ್ರೆ, ಬೇರೆ ಪಲ್ಯ. ಹಾಗಲಕಾಯಿ, ಮೆಂತ್ಯೆ, ಎಣ್ಣೆ ಚಮಚದಲ್ಲಿ ಅಳೆದು. ಸಂಜೆಯಾದರೆ ಕಾಕಾನೇ ಬಂದು, "ಏಳವಾ, ವಾಕಿಂಗ್ ಹೋಗು, ಬೇಕಂದ್ರ ನಾನೂ ಬರ್ತೇನಿ" ಅನ್ನುತ್ತಿದ್ದ. ಹೊಲದ ದಾರಿಯಲ್ಲಿ ಖಾಲಿ ತಲೆಯಲ್ಲಿ ನಡೆದರೆ ಜನ, "ಪಾಪ, ಸಕ್ರಿ ಅದ" ಅಂತ ದಾರಿ ಬಿಡುತ್ತಿದ್ದರು. ಆಳಂದದ ಮಾವನ ಮನೆಯಲ್ಲಿ ನನ್ನ ತಾಟಿಗೆ ಒಣ ರೊಟ್ಟಿ ತಾನಾಗಿಯೇ ಬರುತ್ತಿತ್ತು. ಹದಿನೈದನೆಯ ವಯಸ್ಸಿಗೆ ಕಾಲು ಹಿಡಿದರೂ ಸಿಗದಿದ್ದ ಊಟ ಅದು. ಆಗ ಯಾರಾದರೂ ಕೊಟ್ಟಿದ್ದರೆ ಇವತ್ತು ಬೇಕಾಗುತ್ತಿರಲಿಲ್ಲ. ಇದನ್ನು ಅವ್ವನಿಗೆ ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹಾಗಲಕಾಯಿ ಹೆಚ್ಚುತ್ತ ಕೂತವಳ ಕೈ ನೋಡಿ ಮುಚ್ಚಿದ್ದೇನೆ. ಈಗ ಸೂಜಿ ಹಚ್ಚಿದ್ದಾರೆ. ಎಡಗಣ್ಣು ಮಸುಕಾಗಿಯೇ ಇದೆ. ಮಕ್ಕಳ ಪಾಟಿಯನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡುತ್ತೇನೆ.

ಹೋದ ತಿಂಗಳು ಅಣ್ಣನ ಮೂರನೆಯ ಮಗುವಿನ ಹೆಸರಿಡುವ ಕಾರ್ಯವಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಅವನ ದೊಡ್ಡ ಮಗಳು ಸುಮಾ ಕೂತಿದ್ದಳು. ಹದಿಮೂರು ವರ್ಷ, ಮೈಕಟ್ಟು ನನ್ನದೇ. ಎರಡು ವಾರ ನನ್ನ ಕೋಣೆಯಲ್ಲಿದ್ದಾಗ ನನ್ನ ಜೊತೆಗೇ ನಡೆದು, ನನ್ನ ಜೊತೆಗೇ ಉಂಡು ಸ್ವಲ್ಪ ಇಳಿದಿದ್ದಳು. ಅದನ್ನು ಉಳಿಸಿಕೊಳ್ಳಬೇಕು ಅಂತ ಅವಳಿಗೆ ಛಲವಿತ್ತು. ಅವ್ವ, ಈಗ ಅವಳೇ ಆ ಮನೆಯ ಆಯಿ, ಹೋಳಿಗೆಯ ಪರಾತ ಹಿಡಿದು ಬಂದಳು. ನನ್ನ ಎಲೆಯ ಮುಂದೆ ನಿಲ್ಲದೆ, ಹಿಂದೆ ತುಪ್ಪ ತರುತ್ತಿದ್ದವಳಿಗೆ, "ಆಕಿಗಿ ಹಾಕಬ್ಯಾಡ, ಸಕ್ರಿ ಅದ" ಅಂದಳು. ಸುಮಾ ಎರಡೂ ಕೈ ಎಲೆಗೆ ಅಡ್ಡ ಹಿಡಿದಳು.

"ನನಗೂ ಬ್ಯಾಡ ಆಯಿ."

"ನಿನಗ್ಯಾಕ ಬ್ಯಾಡ? ನಿನಗೇನಾಗ್ಯಾದ?"

"ಏನೂ ಆಗಿಲ್ಲ. ಆಗಬಾರದಂತ."

ನಾನು ಬಾಯಿ ಹಾಕಿದೆ. "ಅವ್ವಾ, ಬ್ಯಾಡಂದ್ರ ಬಿಡು ಆಕಿಗಿ. ನಿನ್ನ ಕಾಲ ಬೀಳ್ತೇನಿ."

ಪಂಕ್ತಿಯೆಲ್ಲ ನಮ್ಮ ಕಡೆ ತಿರುಗಿತು. ಅವ್ವನ ಮುಖ ಕಪ್ಪಿಟ್ಟಿತು. "ಒಳ್ಳೇ ದಿನ ಅಪಶಕುನ ಆಡಬ್ಯಾಡ ಗಿರಿಜಾ. ನಿಂದು ಬ್ಯಾರೆ. ಈ ಕೂಸು ಆರಾಮ ಅದಾಳ. ಆರಾಮ ಇದ್ದವರು ಉಣ್ಣಬೇಕು."

ಅವಳು ಬಾಗಿ ಸುಮಾಳ ಬೆರಳುಗಳನ್ನು ಮೆತ್ತಗೆ ಸರಿಸಿದಳು, ಹೋಳಿಗೆ ಇಟ್ಟಳು, ಕೆನ್ನೆ ಸವರಿ ಮುಂದಿನ ಎಲೆಗೆ ಹೋದಳು. ಹಿಂದಿನಿಂದ ತುಪ್ಪ ಬಂತು. ಸುಮಾ ಸ್ವಲ್ಪ ಹೊತ್ತು ತನ್ನ ಎಲೆ ನೋಡಿದಳು, ಆಮೇಲೆ ನನ್ನ ಎಲೆಯ ಒಣ ರೊಟ್ಟಿ ನೋಡಿದಳು. ನನ್ನ ಕಡೆ ವಾಲಿ, ಯಾರಿಗೂ ಕೇಳದ ಹಾಗೆ ಕೇಳಿದಳು:

"ಅತ್ತಿ, ನನಗ ಸಕ್ರಿ ಯಾವಾಗ ಬರ್ತದ?"